ಮರಿ ಬಿಡಿಸುವ ಹದ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಯಾವುದಾದರೂ ಕಿರಾಣಿ ಅಂಗಡಿಯ ಬಾಗಿಲ ಮೇಲೆ ಕಣ್ಣೆತ್ತಿ ನೋಡಿ. ಬೇರುಸಮೇತ ಕಿತ್ತು ತಲೆಕೆಳಗಾಗಿ ತೂಗಿಬಿಟ್ಟ ಲೋಳೆಸರದ ಗಿಡವೊಂದು ಕಾಣುತ್ತದೆ. ದೃಷ್ಟಿ ತಾಗದಿರಲಿ ಎಂದು ಅಮಾವಾಸ್ಯೆಯ ದಿನ ಕಟ್ಟಿದ್ದು. ಅದಕ್ಕೆ ಮಣ್ಣಿಲ್ಲ, ನೀರಿಲ್ಲ. ಊದುಬತ್ತಿಯ ಹೊಗೆ, ರಸ್ತೆಯ ದೂಳು ಎರಡನ್ನೂ ತಾಳಿಕೊಂಡು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ಕೆಲವು ಗಿಡಗಳು ಸುಳಿಯನ್ನು ಬೆಳಕಿನತ್ತ ಮೇಲಕ್ಕೆ ಬಾಗಿಸಿಕೊಂಡು ಹೊಸ ಎಲೆಯನ್ನೂ ಬಿಡುತ್ತವೆ. ಮೈಯಲ್ಲಿ ನೀರು ಕೂಡಿಟ್ಟುಕೊಳ್ಳುವ ಇಂಥ ಸಕ್ಯುಲೆಂಟ್ ಗಿಡಗಳ ಮರಿ ಬಿಡಿಸಿ ಬೆಳೆಸಬೇಕು ಎನ್ನುವವರು ಪುಸ್ತಕ ತೆರೆಯುವ ಮೊದಲು ಈ ಗಿಡವನ್ನು ಸ್ವಲ್ಪ ಹೊತ್ತು ನಿಂತು ನೋಡಿದರೆ ಒಳ್ಳೆಯದು. ಇಂಥ ಗಿಡ ಒಣಗಿ ಸಾಯುವುದು ಬಹಳ ಅಪರೂಪ. ಅದು ಸಾಯುವುದು ಹಸಿ ಗಾಯಕ್ಕೆ ನೀರು ಬಿದ್ದಾಗ.

ನಗರದ ಬಾಲ್ಕನಿಗಳಿಗೆ ಸಕ್ಯುಲೆಂಟ್‌ಗಳು ಬಂದು ಸೇರಿರುವ ರೀತಿ ಕಂಡರೆ ಸಂತೋಷವಾಗುತ್ತದೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ, ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಲ್ಲಿ, ಅಂಗೈಯಗಲದ ಕುಂಡಗಳಲ್ಲಿ ಬಿಳಿ ಪಟ್ಟೆಯ ಹಾವರ್ಥಿಯಾ, ದಪ್ಪ ಎಲೆಯ ಗ್ಯಾಸ್ಟೀರಿಯಾ, ಬೂದುಬಣ್ಣದ ಎಚೆವೇರಿಯಾ ಸಾಲಾಗಿ ಕುಳಿತಿರುತ್ತವೆ. ಕೊಂಡು ತಂದವರು ಪ್ರೀತಿಯಿಂದ ದಿನಾ ನೀರು ಹಾಕುತ್ತಾರೆ. ಗಿಡ ಕೊಳೆಯುತ್ತದೆ. ಮತ್ತೊಂದು ಕೊಳ್ಳುತ್ತಾರೆ. ಅದೇ ಹೊತ್ತಿಗೆ ಎದುರು ಮನೆಯ ಕುಂಡದಲ್ಲಿ ಅದೇ ಜಾತಿಯ ಗಿಡ ಮರಿ ಹಾಕಿ ಹಾಕಿ ಕುಂಡದ ಅಂಚನ್ನೇ ಬಿರಿಯುವಂತೆ ತುಂಬಿಕೊಂಡಿರುತ್ತದೆ. ಈ ಗಿಡಗಳಲ್ಲಿ ಹೆಚ್ಚಿನವನ್ನು ದುಡ್ಡು ಕೊಟ್ಟು ತರಬೇಕಾಗಿಯೇ ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೇಳಬೇಕು, ಕೊಡಬೇಕು, ಅಷ್ಟೆ. ಆದರೆ ಬಿಡಿಸುವ ಹದ ಗೊತ್ತಿರಬೇಕು. ಆ ಹದದಲ್ಲಿ ಕೈಚಳಕಕ್ಕಿಂತ ಕಾಯುವುದೇ ಹೆಚ್ಚು.

ಬುಡದಲ್ಲಿ ಮಲಗಿದ ಮೊಗ್ಗು

ಗಿಡದ ಪ್ರತಿ ಎಲೆಯ ಕಂಕುಳಲ್ಲೂ ಒಂದು ಪುಟ್ಟ ಮೊಗ್ಗು ಇರುತ್ತದೆ. ಲೋಳೆಸರ, ಹಾವರ್ಥಿಯಾ, ಕತ್ತಾಳೆಗಳಲ್ಲಿ ಕಾಂಡ ಬಹಳ ಗಿಡ್ಡವಾದ್ದರಿಂದ ಎಲೆಗಳೆಲ್ಲ ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಕೆಳಗಿನ ಎಲೆಗಳ ಕಂಕುಳ ಮೊಗ್ಗುಗಳು ಮಣ್ಣಿನ ಮಟ್ಟದಲ್ಲಿ, ಕೆಲವೊಮ್ಮೆ ಮಣ್ಣಿನೊಳಗೆ ಇರುತ್ತವೆ. ಅವು ಎಚ್ಚತ್ತರೆ ಮರಿ. ಎಚ್ಚರಗೊಳ್ಳದಂತೆ ತಡೆಯುವುದು ಗಿಡದ ಸುಳಿ. ಸುಳಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಚೋದಕ ಕೆಳಕ್ಕೆ ಹರಿದು ಬರುತ್ತಿರುವವರೆಗೂ ಬುಡದ ಮೊಗ್ಗುಗಳು ಸುಮ್ಮನಿರುತ್ತವೆ. 1930ರ ದಶಕದ ಮೊದಲ ವರ್ಷಗಳಲ್ಲಿ ಕೆನೆತ್ ಥೀಮನ್ ಮತ್ತು ಫೋಕ್ ಸ್ಕೂಗ್ ಇದನ್ನು ಅವರೆ ಜಾತಿಯ ಗಿಡವೊಂದರಲ್ಲಿ ತೋರಿಸಿದರು. ಸುಳಿ ಚಿವುಟಿದಾಗ ಪಕ್ಕದ ಮೊಗ್ಗುಗಳು ಒಡೆದವು. ಚಿವುಟಿದ ಜಾಗಕ್ಕೆ ಆಕ್ಸಿನ್ ಹಚ್ಚಿದಾಗ ಅವು ಒಡೆಯಲಿಲ್ಲ. ಮೊಗ್ಗುಗಳನ್ನು ಎಬ್ಬಿಸುವ ಸೈಟೊಕೈನಿನ್ ಗುಂಪಿನ ಮೊದಲ ವಸ್ತು 1955ರಲ್ಲಿ ಸಿಕ್ಕಿತು. ಅದರ ಹಿಂದೆಯೂ ಅದೇ ಸ್ಕೂಗ್ ಅವರ ಪ್ರಯೋಗಾಲಯವಿತ್ತು.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಎಷ್ಟೋ ಹಾವರ್ಥಿಯಾ ಗಿಡಗಳು ವರ್ಷಗಳ ಕಾಲ ಒಂಟಿಯಾಗಿಯೇ ಇದ್ದುಬಿಡುತ್ತವೆ. ಮರಿಗಾಗಿ ಗೊಬ್ಬರ ಸುರಿಯುವುದರಿಂದ ಪ್ರಯೋಜನವಿಲ್ಲ. ತೀರ ಬೇಕೇ ಬೇಕೆಂದರೆ ಗಟ್ಟಿ ನೈಲಾನ್ ದಾರವನ್ನು ಎಲೆಗಳ ನಡುವೆ ತೂರಿಸಿ ಎಳೆದು, ಗಿಡದ ಮೇಲಿನ ಅರ್ಧವನ್ನು ಬೇರ್ಪಡಿಸುತ್ತಾರೆ. ಮೇಲ್ಭಾಗ ಒಣಗಿಸಿ ನೆಟ್ಟರೆ ಹೊಸ ಬೇರು ಬಿಡುತ್ತದೆ. ಸುಳಿ ಕಳೆದುಕೊಂಡ ಕೆಳಭಾಗ ಕೆಲವು ವಾರಗಳಲ್ಲಿ ಸುತ್ತಲೂ ಮರಿ ಒಡೆಯುತ್ತದೆ. ಅಪರೂಪದ ಗಿಡಗಳನ್ನು ಬೆಳೆಸುವವರ ವಿದ್ಯೆ ಇದು. ಮನೆಯ ಸಾಮಾನ್ಯ ಗಿಡಕ್ಕೆ ಈ ಶಿಕ್ಷೆ ಬೇಡ. ತಾನಾಗಿ ಮರಿ ಹಾಕುವ ದಿನ ಬರುತ್ತದೆ.

ಮರಿ ಎಲ್ಲಿ ಹುಟ್ಟುತ್ತದೆ ಎನ್ನುವುದು ಗಿಡದಿಂದ ಗಿಡಕ್ಕೆ ಬೇರೆ. ಹಾವರ್ಥಿಯಾ, ಗ್ಯಾಸ್ಟೀರಿಯಾಗಳಲ್ಲಿ ತಾಯಿಯ ಮೈಗೆ ಅಂಟಿಕೊಂಡೇ ಬರುತ್ತದೆ. ಲೋಳೆಸರದಲ್ಲಿ ಮಣ್ಣಿನೊಳಗಿನ ಗಿಡ್ಡ ಕುಡಿಯೊಂದರ ತುದಿಯಲ್ಲಿ. ಕತ್ತಾಳೆಯಲ್ಲಿ ಆ ಕುಡಿ ಮಣ್ಣಿನೊಳಗೆ ದೂರದವರೆಗೂ ಹರಿದು, ಎಲ್ಲೋ ಒಂದೆಡೆ ತಲೆಯೆತ್ತುತ್ತದೆ. ಬಯಲುಸೀಮೆಯ ಹೊಲದ ಬದುಗಳಲ್ಲಿ ಹಿಂದಿನವರು ನೆಟ್ಟ ಕೆಲವೇ ಗಿಡಗಳು ದಾಟಲಾಗದ ಬೇಲಿಯಾದದ್ದು ಹೀಗೆ. ಸ್ನೇಕ್ ಪ್ಲಾಂಟ್‌ನ ಮರಿ ಶುಂಠಿಯ ಹಾಗೆ ಮಣ್ಣಿನಲ್ಲಿ ಅಡ್ಡ ಹೋಗುವ ದಪ್ಪ ಗೆಡ್ಡೆಯಿಂದ ಏಳುತ್ತದೆ. ಇದರ ಬಂಧುವೊಂದು ನಮ್ಮ ದಕ್ಷಿಣ ಭಾರತದ ಒಣ ಕಾಡುಗಳಲ್ಲೇ ಇದೆ. ಅದರ ನಾರಿನಿಂದ ಹಿಂದೆ ಬಿಲ್ಲಿನ ಹೆದೆ ಹೊಸೆಯುತ್ತಿದ್ದರು. ಇನ್ನು ಯುರೋಪಿನ ಸೆಂಪರ್‌ವೈವಮ್ ತನ್ನ ಮರಿಗಳನ್ನು ತೆಳುವಾದ ಎಳೆಗಳ ತುದಿಯಲ್ಲಿ ಸುತ್ತಲೂ ಚಾಚುತ್ತದೆ. ಸುಮಾರು 800ರ ಹೊತ್ತಿಗೆ ಶಾರ್ಲ್‌ಮೇನ್ ಚಕ್ರವರ್ತಿ ತನ್ನ ತೋಟಗಾರರು ಮನೆಯ ಮಾಡಿನ ಮೇಲೆ ಈ ಗಿಡವನ್ನು ಬೆಳೆಸಬೇಕೆಂದು ಕಟ್ಟಳೆ ಮಾಡಿದ್ದ. ಅದು ಸಿಡಿಲು ತಡೆಯುತ್ತದೆ ಎಂಬ ನಂಬಿಕೆ ಆ ನಾಡುಗಳಲ್ಲಿತ್ತು. ನಮ್ಮ ಬಿಸಿಲಿಗೆ ಅದು ಒಗ್ಗುವುದು ಕಷ್ಟ, ಅದರ ಆಸೆ ಬಿಡುವುದೇ ಮೇಲು.

ಮಳೆ ನೋಡಿ ಚಾಕು ಹಿಡಿ

ಮರಿ ಕಂಡ ಕೂಡಲೇ ಕೀಳುವ ಚಪಲ ಎಲ್ಲರಿಗೂ ಇರುತ್ತದೆ. ಹೆಬ್ಬೆರಳಿನ ಉಗುರಿನಷ್ಟಿದ್ದ ಮರಿಯನ್ನು ಬಿಡಿಸಿದರೆ ಅದರ ಎಲೆಗಳಲ್ಲಿ ಕೂಡಿಟ್ಟ ನೀರು, ಸಕ್ಕರೆ ಸಾಲದು. ಬೇರು ಬಿಡುವ ಮೊದಲೇ ಅದು ಸುಕ್ಕಿಹೋಗುತ್ತದೆ. ತಾಯಿಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಗಾತ್ರಕ್ಕೆ ಬಂದಿರಬೇಕು, ನಾಲ್ಕೈದು ಎಲೆಗಳಾದರೂ ಬಿಚ್ಚಿಕೊಂಡಿರಬೇಕು. ಆ ಹೊತ್ತಿಗೆ ಹೆಚ್ಚಿನ ಮರಿಗಳಿಗೆ ಸ್ವಂತ ಬೇರು ಮೂಡಿರುತ್ತದೆ. ಬೇರಿದ್ದ ಮರಿ ಬಿಡಿಸುವುದು ಜಾಗ ಬದಲಿಸಿದಷ್ಟೇ ಸುಲಭ. ಬೇರಿಲ್ಲದ್ದೂ ಬದುಕುತ್ತದೆ, ಆದರೆ ಆರೈಕೆ ಹೆಚ್ಚು ಬೇಕು. ಕುಂಡದಲ್ಲಿ ಇನ್ನೂ ಜಾಗವಿದ್ದು ತಾಯಿ ಆರಾಮವಾಗಿದ್ದರೆ ಇನ್ನೊಂದು ಋತು ಬಿಟ್ಟುಬಿಡಿ. ಗುಂಪಾಗಿ ಬೆಳೆದ ಹಾವರ್ಥಿಯಾದ ಚೆಲುವೇ ಬೇರೆ. ಎಲ್ಲ ಮರಿಗಳನ್ನೂ ಬಿಡಿಸಿ ತಾಯಿಯನ್ನು ಬೋಳಾಗಿಸುವುದು ನನಗಂತೂ ಹಿಡಿಸುವುದಿಲ್ಲ.

ಕಾಲದ ಮಾತಿಗೆ ಬಂದರೆ, ಹೊರಗಿನಿಂದ ಬಂದ ತೋಟಗಾರಿಕೆಯ ಪುಸ್ತಕಗಳು ವಸಂತದಲ್ಲಿ ಬಿಡಿಸಿ ಎನ್ನುತ್ತವೆ. ಅದು ಹಿಮ ಬೀಳುವ ನಾಡಿನ ಲೆಕ್ಕ. ನಮ್ಮ ಲೆಕ್ಕ ಮಳೆ ನಕ್ಷತ್ರಗಳದ್ದು. ಮೃಗಶಿರಾದಿಂದ ಹಸ್ತ, ಚಿತ್ತಾ ಮಳೆಯವರೆಗೆ ಗಾಳಿಯಲ್ಲೇ ತೇವ ತುಂಬಿರುತ್ತದೆ, ಕತ್ತರಿಸಿದ ಗಾಯ ಒಣಗುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಅಲ್ಲಿ ಆ ತಿಂಗಳುಗಳಲ್ಲಿ ಚಾಕು ಮುಟ್ಟುವುದೇ ಬೇಡ, ಕುಂಡಗಳನ್ನು ಮಾಡಿನ ಕೆಳಗೆ ಎಳೆದುಕೊಂಡರೆ ಸಾಕು. ಸ್ವಾತಿ ಮಳೆ ಮುಗಿದು ಬಾನು ತಿಳಿಯಾದ ಮೇಲೆ ಕೆಲಸ ಶುರು.

ಹಾವರ್ಥಿಯಾ, ಗ್ಯಾಸ್ಟೀರಿಯಾಗಳಿಗೆ ತಂಪು ಹವೆಯೇ ಬೆಳೆಯುವ ಕಾಲ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದಲ್ಲಿ ಪೊದೆಗಳ ನೆರಳಿನಲ್ಲಿ, ಬಂಡೆಗಳ ಸಂದಿನಲ್ಲಿ ಬೆಳೆಯುವ ಗಿಡಗಳಿವು. ಬೇಸಿಗೆಯ ಸುಡುಬಿಸಿಲಿನಲ್ಲಿ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಅವುಗಳ ಮರಿ ಬಿಡಿಸಿದರೆ ಬೇರು ಬೇಗ ಹಿಡಿಯುತ್ತದೆ. ಲೋಳೆಸರ, ಕತ್ತಾಳೆ, ಸ್ನೇಕ್ ಪ್ಲಾಂಟ್‌ಗಳಿಗೆ ಬೆಚ್ಚಗಿನ ದಿನಗಳೇ ಒಗ್ಗುತ್ತವೆ. ಬೆಂಗಳೂರು, ಮೈಸೂರಿನಲ್ಲಿ ಶಿವರಾತ್ರಿ ಕಳೆದು ಯುಗಾದಿ ಬರುವ ನಡುವಿನ ದಿನಗಳು ಅವಕ್ಕೆ ಬಹಳ ಚೆನ್ನು. ರಾಯಚೂರು, ಕಲಬುರಗಿಯವರು ಏಪ್ರಿಲ್, ಮೇ ತಿಂಗಳ ಉರಿಯನ್ನು ತಪ್ಪಿಸಿಕೊಳ್ಳಬೇಕು. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಬೇರಿಲ್ಲದ ಮರಿ ಬೆಂದುಹೋಗುತ್ತದೆ.

ಗಾಯ ಒಣಗುವವರೆಗೆ

ಬಿಡಿಸುವ ಮುಂಚೆ ಕೆಲವು ದಿನ ನೀರು ನಿಲ್ಲಿಸಿ. ಒಣ ಮಣ್ಣು ಉದುರುತ್ತದೆ, ಹಸಿ ಮಣ್ಣು ಬೇರನ್ನು ಹಿಡಿದು ಹರಿಯುತ್ತದೆ. ಕುಂಡವನ್ನು ಓರೆ ಮಾಡಿ ಸುತ್ತಲೂ ತಟ್ಟಿ, ಗಿಡವನ್ನು ಇಡಿಯಾಗಿ ಹೊರಗೆ ಎಳೆದುಕೊಳ್ಳಬೇಕು. ಕುಂಡದಲ್ಲಿದ್ದಂತೆಯೇ ಮೇಲಿನಿಂದ ಮರಿಯನ್ನು ಹಿಡಿದು ಜಗ್ಗುವುದು ತಪ್ಪು ದಾರಿ, ಮರಿ ಕೈಗೆ ಬರುತ್ತದೆ, ಬೇರು ಅಲ್ಲೇ ಉಳಿಯುತ್ತದೆ. ಹೊರಬಂದ ಗಡ್ಡೆಯ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸುತ್ತ ಹೋದರೆ ತಾಯಿ ಎಲ್ಲಿ ಮುಗಿಯಿತು, ಮರಿ ಎಲ್ಲಿ ಶುರುವಾಯಿತು ಎನ್ನುವುದು ತಾನೇ ಕಾಣುತ್ತದೆ. ಇಲ್ಲಿ ಅವಸರ ಮಾಡದೆ ಒಂದು ಹಳೆಯ ಪೇಪರಿನ ಮೇಲೆ ಗಿಡ ಹರಡಿಕೊಂಡು ಕುಳಿತುಕೊಳ್ಳಿ. ಬೇರುಗಳ ನಡುವೆ ಹತ್ತಿಯಂಥ ಬಿಳಿ ಪುಡಿ ಕಂಡರೆ ಅದು ಹಿಟ್ಟು ತಿಗಣೆ. ಮೇಲಿನಿಂದ ಎಷ್ಟೇ ನೋಡಿದರೂ ಇದು ಕಾಣದು. ಮರಿ ಬಿಡಿಸುವ ದಿನವೇ ಅದು ಸಿಕ್ಕಿಬೀಳುವುದು. ಆಗ ಮಣ್ಣನ್ನು ಪೂರ್ತಿ ತೊಳೆದು ಚೆಲ್ಲಿ, ಬೇರುಗಳಿಗೆ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ, ಗಿಡವನ್ನು ಮಿಕ್ಕವುಗಳಿಂದ ದೂರ ಇಡಬೇಕು. ಅಂಥ ಗಿಡದ ಮರಿಯನ್ನು ಯಾರಿಗೂ ಕೊಡಬಾರದು, ಮೊದಲು ವಾಸಿಯಾಗಲಿ.

ಲೋಳೆಸರದ ಮರಿ ಸಾಮಾನ್ಯವಾಗಿ ಎರಡು ಬೆರಳಿನ ಒತ್ತಡಕ್ಕೇ ಬಿಟ್ಟುಕೊಳ್ಳುತ್ತದೆ. ಹಾವರ್ಥಿಯಾವನ್ನು ಬುಡದಲ್ಲಿ ಹಿಡಿದು ಅತ್ತಿತ್ತ ಮೆಲ್ಲಗೆ ಅಲುಗಾಡಿಸಬೇಕು. ಬಿಡದಿದ್ದರೆ ಮಾತ್ರ ಚಾಕು. ಚಾಕು ಹರಿತವಾಗಿರಲಿ, ಸ್ಪಿರಿಟ್‌ನಿಂದ ಒರೆಸಿರಲಿ, ಒಂದೇ ಏಟಿಗೆ ಕತ್ತರಿಸಲಿ. ಗರಗಸದ ಹಾಗೆ ಉಜ್ಜಿದರೆ ಗಾಯ ದೊಡ್ಡದಾಗುತ್ತದೆ. ಕತ್ತಾಳೆಗೆ ದಪ್ಪ ಕೈಗವಸು ಬೇಕೇ ಬೇಕು. ಮುಳ್ಳಿನ ಮಾತು ಬಿಡಿ, ಅದರ ರಸದಲ್ಲಿ ಸೂಜಿಯಂಥ ಸೂಕ್ಷ್ಮ ಹರಳುಗಳಿದ್ದು ಚರ್ಮಕ್ಕೆ ತಾಗಿದರೆ ನವೆ, ದದ್ದು. ಕಳ್ಳಿ ಜಾತಿಯ ಗಿಡಗಳ ಹಾಲಂತೂ ಕಣ್ಣಿಗೆ ಬಿದ್ದರೆ ಅಪಾಯ. ಅವುಗಳ ತುಂಡನ್ನು ಹಾಲು ನಿಲ್ಲುವವರೆಗೂ ನೀರಿನಲ್ಲಿ ತೊಳೆದೇ ಒಣಗಿಸಬೇಕು.

ಆಮೇಲೆ ಬರುವುದು ನಮ್ಮವರಿಗೆ ಬಹಳ ಕಷ್ಟವಾದ ಘಟ್ಟ: ಏನೂ ಮಾಡದೆ ಇರುವುದು. ಬಿಡಿಸಿದ ಮರಿಯನ್ನು ನೆರಳಿರುವ, ಗಾಳಿಯಾಡುವ ಜಾಗದಲ್ಲಿ ಒಣ ಪೇಪರಿನ ಮೇಲೆ ಇಟ್ಟುಬಿಡಬೇಕು. ಚಿಕ್ಕ ಗಾಯಕ್ಕೆ ಎರಡು ಮೂರು ದಿನ, ಕತ್ತಾಳೆಯ ಕಾಸಿನಗಲದ ಗಾಯಕ್ಕೆ ಒಂದು ವಾರ, ಇನ್ನೂ ಹೆಚ್ಚಾದರೂ ನಷ್ಟವಿಲ್ಲ. ಈ ದಿನಗಳಲ್ಲಿ ಒಡೆದ ಜೀವಕೋಶಗಳು ಒಣಗುತ್ತವೆ, ಅವುಗಳ ಕೆಳಗಿನ ಕೋಶಗಳು ತಮ್ಮ ಗೋಡೆಗೆ ಸೂಬರಿನ್ ಎಂಬ ಮೇಣದಂಥ ವಸ್ತುವನ್ನು ಸೇರಿಸಿಕೊಳ್ಳುತ್ತವೆ. ಬೆಂಡಿನ ಮರದ ತೊಗಟೆಯಲ್ಲಿ ನೀರು ಇಳಿಯದಂತೆ ತಡೆಯುವುದೂ ಇದೇ. ಆ ಪದರ ಕೂಡಿದ ಮೇಲೆ ಮಣ್ಣಿನ ಬೂಷ್ಟು, ಕೊಳೆರೋಗದ ಅಣುಜೀವಿಗಳಿಗೆ ಒಳಗೆ ನುಗ್ಗಲು ಬಾಗಿಲಿರುವುದಿಲ್ಲ. ಗಾಯಕ್ಕೆ ಅರಿಶಿನ ಹಚ್ಚುವವರಿದ್ದಾರೆ, ದಾಲ್ಚಿನ್ನಿ ಪುಡಿ ಉದುರಿಸುವವರಿದ್ದಾರೆ. ಹಚ್ಚಲಿ, ಕೆಡುಕೇನಿಲ್ಲ. ಆದರೆ ಕಾಪಾಡುವುದು ಒಣಗಾಳಿ. ಪುಡಿ ಹಚ್ಚಿದೆವಲ್ಲ ಎಂದು ಅದೇ ದಿನ ನೆಟ್ಟು ನೀರು ಹನಿಸಿದರೆ ಯಾವ ಪುಡಿಯೂ ಉಳಿಸುವುದಿಲ್ಲ.

ಬೇರಿಲ್ಲದ ಒಂದು ಮರಿ ವಾರಗಟ್ಟಲೆ ಹೇಗೆ ಬದುಕುತ್ತದೆ? ಈ ಪ್ರಶ್ನೆಯ ಉತ್ತರದ ಮೊದಲ ಎಳೆ ಹಿಡಿದವರಲ್ಲಿ ಒಬ್ಬ ಬೆಂಗಳೂರಿಗೆ ಸಂಬಂಧಪಟ್ಟವನು ಎನ್ನುವುದು ನನಗೆ ಬಹಳ ಹೆಮ್ಮೆಯ ಸಂಗತಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮುಂದಿನ ವರ್ಷಗಳಲ್ಲಿ ಅದರ ಉಸ್ತುವಾರಿ ನೋಡಿಕೊಂಡವನು ಬೆಂಜಮಿನ್ ಹೇನ್ ಎಂಬ ಸಸ್ಯವಿಜ್ಞಾನಿ. ಅವನು ಭಾರತದ ತೋಟಗಳಲ್ಲಿ ಬೆಳೆಯುತ್ತಿದ್ದ ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಗ್ಗೆ ಚೆನ್ನಾಗಿ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ, ಸಂಜೆಗೆ ಕಹಿಯ ಛಾಯೆ. ಇದನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಸೇರಿದ ಲ್ಯಾಂಬರ್ಟ್ ಎಂಬುವರಿಗೆ ಪತ್ರದಲ್ಲಿ ಬರೆದ. 1815ರಲ್ಲಿ ಅದು ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಇಂದು ಕ್ರಾಸುಲೇಸಿಯನ್ ಆಸಿಡ್ ಮೆಟಬಾಲಿಸಂ ಎಂದು ಕರೆಯುವ ಕ್ರಿಯೆಯ ಚರಿತ್ರೆ ಬರೆಯುವವರು ಈ ಪತ್ರವನ್ನು ಮರೆಯದೆ ನೆನೆಯುತ್ತಾರೆ. ಮೂತ್ರಪಿಂಡದ ಕಲ್ಲಿಗೆ ಮದ್ದೆಂದು ನಂಬಿ ನಮ್ಮ ಹಿತ್ತಲುಗಳಲ್ಲಿ ಬೆಳೆಸುವ ಅದೇ ಕಾಡುಬಸಳೆ!

ಹೆಚ್ಚಿನ ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಗಾಳಿ ಎಳೆದುಕೊಳ್ಳುತ್ತವೆ. ಆಗ ನೀರೂ ಆವಿಯಾಗಿ ಹೋಗುತ್ತದೆ. ಕಾಡುಬಸಳೆ, ಲೋಳೆಸರ, ಕತ್ತಾಳೆಯಂಥವು ಹಗಲು ಬಾಗಿಲು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಯೇ ಅದನ್ನು ಒಡೆದು ಬಿಸಿಲಿನಿಂದ ಸಕ್ಕರೆ ಮಾಡಿಕೊಳ್ಳುತ್ತವೆ. ಬೆಳಗಿನ ಹುಳಿ ಆ ಆಮ್ಲದ್ದು. ನೀರು ತೀರ ಇಲ್ಲವಾದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ: ಹಗಲೂ ರಾತ್ರಿಯೂ ಬಾಗಿಲು ಮುಚ್ಚಿ, ತಮ್ಮ ಉಸಿರಾಟದಿಂದ ಬಂದ ಇಂಗಾಲವನ್ನೇ ಮತ್ತೆ ಮತ್ತೆ ಬಳಸಿಕೊಂಡು ದಿನ ದೂಡುತ್ತವೆ. ಅಂಗಡಿಯ ಬಾಗಿಲಲ್ಲಿ ತೂಗುವ ಲೋಳೆಸರ ಮಾಡುತ್ತಿರುವುದೂ, ಪೇಪರಿನ ಮೇಲೆ ಮಲಗಿದ ಬೇರಿಲ್ಲದ ಮರಿ ಮಾಡುತ್ತಿರುವುದೂ ಇದನ್ನೇ.

ಗಾಯ ಮುಟ್ಟಿದರೆ ಗಟ್ಟಿಯಾಗಿ, ಒಣ ಸಿಪ್ಪೆಯಾಗಿ ಇದೆ ಎಂದಾದ ಮೇಲೆ ನೆಡುವ ಕೆಲಸ. ಮಣ್ಣಿನ ವಿಷಯದಲ್ಲಿ ಪರ್ಲೈಟ್, ಪ್ಯೂಮಿಸ್ ಎಂದು ದುಬಾರಿ ಚೀಲಗಳ ಹಿಂದೆ ಬೀಳಬೇಕಿಲ್ಲ. ಜರಡಿ ಹಿಡಿದ ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿದ ಇಟ್ಟಿಗೆ ಚೂರು ಮತ್ತು ಇದ್ದಿಲು ಸೇರಿ ಒಂದು ಪಾಲು, ಹಿಡಿಯಷ್ಟು ಹಳೆಯ ಎರೆಗೊಬ್ಬರ. ಈಗ ಹೊಳೆಯ ಮರಳು ಸಿಗುವುದು ಕಷ್ಟ. ಎಂ-ಸ್ಯಾಂಡ್ ಬಳಸುವುದಾದರೆ ನೀರಿನಲ್ಲಿ ತೊಳೆದು ದೂಳನ್ನೆಲ್ಲ ಹರಿಯಬಿಟ್ಟು ಒಣಗಿಸಿ ಬಳಸಬೇಕು, ಇಲ್ಲವಾದರೆ ಅದರ ಪುಡಿ ಕುಂಡದೊಳಗೆ ಕಾಂಕ್ರೀಟಿನಂತೆ ಬಿಗಿಯುತ್ತದೆ. ತೆಂಗಿನ ನಾರಿನ ಪುಡಿ ಮಲೆನಾಡು, ಕರಾವಳಿಯವರಿಗೆ ಬೇಡವೇ ಬೇಡ, ಅದು ನೀರು ಹಿಡಿದಿಡುತ್ತದೆ. ಪರೀಕ್ಷೆ ಸುಲಭ: ಮಿಶ್ರಣಕ್ಕೆ ನೀರು ಸುರಿದರೆ ಮೇಲೆ ನಿಲ್ಲದೆ ತಕ್ಷಣ ತಳದಿಂದ ಹೊರಬೀಳಬೇಕು.

ಕುಂಡ ಮರಿಗಿಂತ ತುಸುವೇ ದೊಡ್ಡದಿರಲಿ. ಮುಂದೆ ದೊಡ್ಡದಾಗುತ್ತದಲ್ಲ ಎಂದು ಬಕೆಟಿನಷ್ಟು ಕುಂಡಕ್ಕೆ ಹಾಕಿದರೆ ಬೇರು ಮುಟ್ಟದ ಮಣ್ಣೆಲ್ಲ ಹಸಿಯಾಗಿಯೇ ಉಳಿಯುತ್ತದೆ. ಮೊಸರಿನ ಕಪ್ಪಿನ ತಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಮಾಡಿದರೂ ನಡೆಯುತ್ತದೆ. ಮಣ್ಣಿನ ಕುಂಡವಾದರೆ ಇನ್ನೂ ಒಳ್ಳೆಯದು, ಅದರ ಮೈಯೇ ತೇವ ಹೀರಿ ಹೊರಬಿಡುತ್ತದೆ. ಮರಿಯ ಬುಡ ಮಾತ್ರ ಮಣ್ಣು ಮುಟ್ಟುವಂತೆ ಕೂರಿಸಿ, ಅಲುಗಾಡದಂತೆ ಸುತ್ತ ಜಲ್ಲಿ ಚೂರು ಒತ್ತಿ. ಎಲೆಗಳು ಮಣ್ಣಿನಲ್ಲಿ ಹೂತರೆ ಸುಳಿಕೊಳೆ ಖಂಡಿತ. ಬೇರಿದ್ದ ಮರಿಗೆ ಮೂರ್ನಾಲ್ಕು ದಿನ ಬಿಟ್ಟು, ಬೇರಿಲ್ಲದ್ದಕ್ಕೆ ಒಂದು ವಾರ, ಹತ್ತು ದಿನ ಬಿಟ್ಟು ಮೊದಲ ನೀರು. ಆಮೇಲೆ ಮಣ್ಣು ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ಪೂರ್ವದ ಕಿಟಕಿಯ ಎಳೆಬಿಸಿಲು ಸಾಕು. ಎಲೆಗಳು ಸ್ವಲ್ಪ ಸುಕ್ಕಿದರೆ, ಕಂದುಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಗಿಡ ತನ್ನ ಉಳಿತಾಯವನ್ನು ಖರ್ಚು ಮಾಡುತ್ತಿದೆ. ಎಲೆ ಹಳದಿಯಾಗಿ ಪಾರದರ್ಶಕವಾಗಿ ಮೆತ್ತಗಾದರೆ ಮಾತ್ರ ಕೂಡಲೇ ಕಿತ್ತು ಕೊಳೆತದ್ದನ್ನು ಕತ್ತರಿಸಿ ಮತ್ತೆ ಒಣಗಿಸಬೇಕು. ಮೂರರಿಂದ ಆರು ವಾರಗಳಲ್ಲಿ ಸುಳಿಯಲ್ಲಿ ಹೊಸ ಹಸಿರು ಕಾಣುತ್ತದೆ. ಅಲ್ಲಿಯವರೆಗೆ ಬೇರು ಬಂತೇ ಎಂದು ಎಳೆದು ನೋಡಬೇಡಿ. ಆಗಷ್ಟೇ ಮೂಡಿದ ಎಳೆ ಬೇರು ಒಂದು ಜಗ್ಗಿಗೆ ಮುರಿಯುತ್ತದೆ.

ಎಲೆ ತುಂಡರಿಸಿ ನೆಟ್ಟರೂ ಬರುತ್ತದಲ್ಲ, ಮರಿಗೇಕೆ ಕಾಯಬೇಕು ಎಂದು ಕೇಳುವವರಿಗೆ ಅಂಚಿನಲ್ಲಿ ಹಳದಿ ಪಟ್ಟಿಯಿರುವ ಸ್ನೇಕ್ ಪ್ಲಾಂಟ್ ಒಳ್ಳೆಯ ಉತ್ತರ ಕೊಡುತ್ತದೆ. ಅದರ ಎಲೆಯ ತುಂಡು ನೆಟ್ಟರೆ ಹೊಸ ಗಿಡ ಬರುತ್ತದೆ, ಆದರೆ ಹಳದಿ ಪಟ್ಟಿ ಮಾಯ, ಪೂರಾ ಹಸಿರು. ಆ ಗಿಡದಲ್ಲಿ ಎರಡು ಬಗೆಯ ಕೋಶಗಳ ಪದರಗಳು ಜೊತೆಯಾಗಿ ಬೆಳೆಯುತ್ತಿರುತ್ತವೆ. ಎಲೆಯ ತುಂಡಿನಿಂದ ಏಳುವ ಚಿಗುರು ಹಸಿರು ಕೋಶಗಳಿಂದಷ್ಟೇ ರೂಪುಗೊಳ್ಳುತ್ತದೆ. ಗೆಡ್ಡೆಯ ಮೊಗ್ಗಿನಿಂದ ಬಂದ ಮರಿಯಲ್ಲಾದರೋ ಎರಡೂ ಪದರಗಳು ಹಾಗೆಯೇ ಮುಂದುವರಿಯುತ್ತವೆ. ಲೋಳೆಸರಕ್ಕೆ ಬಂದರೆ ಎಲೆ ನೆಟ್ಟು ಗಿಡ ಬರಿಸುವುದು ಹೆಚ್ಚುಕಡಿಮೆ ವ್ಯರ್ಥ ಪ್ರಯತ್ನ, ಅದು ಕೊಳೆತೇ ಹೋಗುತ್ತದೆ. ಅಲ್ಲಿ ಮರಿಯೇ ದಾರಿ.

62 ಗಿಡಗಳ ವಂಶ

ಬುಡದಿಂದ ಬಿಡಿಸಿದ ಮರಿ ತಾಯಿಯ ಮಗುವಲ್ಲ, ತಾಯಿಯೇ. ಹೂವು, ಪರಾಗ, ಬೀಜ ಯಾವುದೂ ನಡುವೆ ಬಂದಿಲ್ಲ, ವಂಶವಾಹಿಗಳು ಬದಲಾಗಿಲ್ಲ. ಅಜ್ಜಿಯ ಕಾಲದ ಲೋಳೆಸರದ ಮರಿಯ ಮರಿ ಇವತ್ತು ನಿಮ್ಮ ಕಿಟಕಿಯಲ್ಲಿದ್ದರೆ ಅಜ್ಜಿ ನೀರೆರೆದ ಅದೇ ಗಿಡ ಅದು. ಅಮೆರಿಕನ್ ಕತ್ತಾಳೆಯಲ್ಲಿ ಇದು ಇನ್ನೂ ಸ್ಪಷ್ಟ. ಹತ್ತು, ಇಪ್ಪತ್ತು, ಮೂವತ್ತು ವರ್ಷ ಎಲೆ ಕೂಡಿಟ್ಟ ಗಿಡ ಒಮ್ಮೆ ಮಾತ್ರ ಕಂಬದೆತ್ತರದ ಹೂಗೊಂಚಲು ಎತ್ತಿ, ಹೂಬಿಟ್ಟು ಸಾಯುತ್ತದೆ. ಸುತ್ತಲಿನ ಮರಿಗಳು ಬೆಳೆಯುತ್ತ ಹೋಗುತ್ತವೆ.

ನಾರಿಗಾಗಿ ಬೆಳೆಸುವ ಸಿಸಾಲ್ ಕತ್ತಾಳೆಯ ಕಥೆ ಕೇಳಿದರೆ ಒಂದು ಮರಿಯ ಶಕ್ತಿ ಅರಿವಾಗುತ್ತದೆ. ಮೆಕ್ಸಿಕೊ ಮೂಲದ ಈ ಗಿಡದಲ್ಲಿ ಬೀಜ ಕಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಬುಡದ ಮರಿಗಳಲ್ಲದೆ, ಹೂ ಉದುರಿದ ಮೇಲೆ ಹೂದಂಡಿನ ಕೊಂಬೆಗಳಲ್ಲೇ ಎಲೆ ಸಮೇತ ಪುಟ್ಟ ಗಿಡಗಳು ಮೂಡಿ ನೆಲಕ್ಕೆ ಬೀಳುತ್ತವೆ. 1893ರಲ್ಲಿ ರಿಚರ್ಡ್ ಹಿಂಡಾರ್ಫ್ ಎಂಬ ಜರ್ಮನ್ ಕೃಷಿತಜ್ಞ ಫ್ಲಾರಿಡಾದಿಂದ ಇಂಥ ಒಂದು ಸಾವಿರ ಮರಿಗಳನ್ನು ಜರ್ಮನಿಯ ಮೂಲಕ ಪೂರ್ವ ಆಫ್ರಿಕಾಕ್ಕೆ ತರಿಸಿದ. ಪ್ರಯಾಣದಲ್ಲಿ ಬದುಕಿ ಉಳಿದದ್ದು 62. ಆ 62 ಗಿಡಗಳಿಂದಲೇ ಇಂದಿನ ಟಾಂಜಾನಿಯಾದ ಸಿಸಾಲ್ ತೋಟಗಳು ಶುರುವಾದವು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಆ ನಾಡು ಜಗತ್ತಿನಲ್ಲೇ ಅತಿ ಹೆಚ್ಚು ಸಿಸಾಲ್ ನಾರು ತೆಗೆಯುತ್ತಿತ್ತು. ಹಡಗುಗಳನ್ನು ಕಟ್ಟಿದ ಹಗ್ಗ, ಗೋಣಿಯ ಹುರಿ ಎಲ್ಲವೂ ಕೈಯಲ್ಲಿ ಬಿಡಿಸಿದ ಮರಿಗಳ ಸಂತಾನ.

ಬೀಜವನ್ನು ಬಿಟ್ಟುಕೊಟ್ಟು ಮರಿಯನ್ನೇ ನೆಚ್ಚಿಕೊಂಡ ಗಿಡ ಇನ್ನೊಂದಿದೆ. ಎಲೆಯ ಅಂಚಿನುದ್ದಕ್ಕೂ ಮುತ್ತು ಪೋಣಿಸಿದಂತೆ ಮರಿಗಳನ್ನು ಹೊತ್ತುಕೊಂಡಿರುವ ಮಡಗಾಸ್ಕರ್‌ನ ಕಲಾಂಚೊ ಅದು, ನಮ್ಮ ಕಾಡುಬಸಳೆಯ ದಾಯಾದಿ. 2007ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೀಲಿಮಾ ಸಿನ್ಹಾ ಅವರ ತಂಡ ಇದರ ಗುಟ್ಟನ್ನು ಬಿಡಿಸಿತು. ಬೀಜದೊಳಗೆ ಭ್ರೂಣ ರೂಪಿಸಬೇಕಾದ ವಂಶವಾಹಿಯ ಕೆಲಸವನ್ನು ಈ ಗಿಡ ಎಲೆಯ ಅಂಚಿಗೆ ತಂದುಕೊಂಡಿದೆ. ಅಷ್ಟರಲ್ಲಿ ಆ ವಂಶವಾಹಿಯೇ ತುಂಡಾಗಿ, ಮೊಳೆಯಬಲ್ಲ ಬೀಜ ಮಾಡುವ ಶಕ್ತಿಯನ್ನು ಕಳೆದುಕೊಂಡಿದೆ.

ಒಂದೇ ಗಿಡದ ಸಾವಿರ ರೂಪಗಳೆಂದರೆ ಒಂದು ಅಪಾಯವೂ ಹೌದು. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲಬಲ್ಲದು. ಮನೆಯ ಮಟ್ಟಿಗೆ ಇದಕ್ಕೆ ಪರಿಹಾರ ಕೊಡುವುದರಲ್ಲೇ ಇದೆ. ನಿಮ್ಮ ಗಿಡ ಈ ಮಳೆಗಾಲ ಕೊಳೆತು ಹೋದರೂ ಅದರ ಮರಿ ಹುಬ್ಬಳ್ಳಿಯ ಗೆಳತಿಯ ಒಣ ಜಗಲಿಯಲ್ಲಿ ಚೆನ್ನಾಗಿರುತ್ತದೆ, ಮುಂದಿನ ವರ್ಷ ಅಲ್ಲಿಂದ ತಂದುಕೊಳ್ಳಬಹುದು. "ಅಕ್ಕಾ, ನಿಮ್ಮ ಗಿಡ ಮರಿ ಹಾಕಿದ್ರೆ ನಂಗೊಂದು ಇಡ್ರೀ" ಎಂದು ಬೇಲಿಯಾಚೆಯಿಂದ ಕೇಳಿ ಗಿಡ ಬೆಳೆಸಿದ ಹೆಂಗಸರು ತಮಗರಿವಿಲ್ಲದೆ ಊರಿನ ಸಸ್ಯಸಂಪತ್ತಿಗೆ ವಿಮೆ ಮಾಡಿಸಿಟ್ಟಿದ್ದರು.

ಈ ಕೊಡುಕೊಳ್ಳುವಿಕೆಗೆ ಇಂದು ಇನ್ನೂ ದೊಡ್ಡ ಕಾರಣವಿದೆ. ಅಪರೂಪದ ಸಕ್ಯುಲೆಂಟ್‌ಗಳ ಮೋಹ ಜಗತ್ತಿನಾದ್ಯಂತ ಹಬ್ಬಿದ ಮೇಲೆ, ದಕ್ಷಿಣ ಆಫ್ರಿಕಾದ ಒಣನಾಡುಗಳಲ್ಲಿ ಕಳ್ಳಸಾಗಣೆ ಹೆಚ್ಚಿದೆ. 2019ರಿಂದೀಚೆಗೆ ಅಲ್ಲಿನ ಅಧಿಕಾರಿಗಳು ಕಾಡಿನಿಂದ ಕಿತ್ತ ಲಕ್ಷಗಟ್ಟಲೆ ಗಿಡಗಳನ್ನು ವಶಪಡಿಸಿಕೊಂಡಿದ್ದಾರೆ. ಬೆರಳ ತುದಿಯಷ್ಟಿರುವ ಕೋನೊಫೈಟಮ್ ಗಿಡಗಳದ್ದೇ ಅದರಲ್ಲಿ ದೊಡ್ಡ ಪಾಲು. ಒಂದೇ ಬೆಟ್ಟದ ಇಳಿಜಾರಿನಲ್ಲಿ ಮಾತ್ರ ಬೆಳೆಯುವ ಜಾತಿಗಳೂ ಅವುಗಳಲ್ಲಿವೆ, ಅಂಥವು ಒಂದು ರಾತ್ರಿಯ ಕಳವಿಗೆ ಬರಿದಾಗಬಲ್ಲವು. ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದ ಹೆಚ್ಚುಕಡಿಮೆ ಎಲ್ಲ ಪಾಪಾಸುಕಳ್ಳಿ ಜಾತಿಗಳನ್ನೂ, ಲೋಳೆಸರದ ಇಡೀ ಕುಲವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಮನೆಮನೆಯ ಲೋಳೆಸರ ಒಂದಕ್ಕೆ ಮಾತ್ರ ವಿನಾಯಿತಿ, ಯಾಕೆಂದರೆ ಅದು ಎಷ್ಟೋ ಕಾಲದಿಂದ ಕೃಷಿಯಲ್ಲೇ ಬೆಳೆಯುತ್ತಿದೆ. ಆನ್‌ಲೈನ್‌ನಲ್ಲಿ ಬೇರು ಕತ್ತರಿಸಿದ, ಬಿಸಿಲಿಗೆ ಬೆಂದು ಕಲೆಬಿದ್ದ ದೊಡ್ಡ ಗಿಡ ಸಿಕ್ಕಾಪಟ್ಟೆ ಬೆಲೆಗೆ ಕಂಡರೆ ಅನುಮಾನ ಪಡಿ. ಯಾರದೋ ಕುಂಡದ ಮರಿಯಲ್ಲಿ ಇಂಥ ಅನುಮಾನಕ್ಕೆ ಜಾಗವೇ ಇಲ್ಲ.

ಹೆಚ್ಚಾದ ಮರಿಗಳು

ಕೊಟ್ಟೂ ಉಳಿದ ಮರಿಗಳನ್ನು ಕೆರೆಯ ಏರಿಗೋ ಖಾಲಿ ಸೈಟಿಗೋ ಎಸೆಯುವವರಿದ್ದಾರೆ. ಗಿಡವನ್ನು ಕೊಲ್ಲಲು ಮನಸ್ಸು ಬಾರದೆ ಹಾಗೆ ಮಾಡುತ್ತಾರೆ, ಆದರೆ ಇದು ಮಾಡಬಾರದ ಕೆಲಸ. ಒಂದು ತುಂಡಿನಿಂದ ಗಿಡವಾಗುವ ಶಕ್ತಿ ಕುಂಡದ ಆಚೆ ಹೋದರೆ ಏನಾಗುತ್ತದೆ ಎಂಬುದನ್ನು ಈ ದೇಶ ಪಾಪಾಸುಕಳ್ಳಿಯಲ್ಲಿ ಕಂಡಿದೆ. ಅಮೆರಿಕ ಖಂಡದಿಂದ ಬಂದ ಆ ಗಿಡ, ಮುರಿದು ಬಿದ್ದ ಹಲಗೆಯಂಥ ಪ್ರತಿ ತುಂಡೂ ಬೇರು ಬಿಟ್ಟು, ಗೋಮಾಳಗಳನ್ನೂ ಹೊಲಗಳನ್ನೂ ಆವರಿಸಿತು. 1795ರಲ್ಲಿ ಕಡುಗೆಂಪು ಬಣ್ಣ ತೆಗೆಯುವ ಕೀಟವೆಂದು ತಿಳಿದು ಬ್ರೆಜಿಲ್‌ನಿಂದ ಬೇರೊಂದು ಜಾತಿಯ ಕೀಟವನ್ನು ಕೊಲ್ಕತ್ತಾಕ್ಕೆ ತಂದರು. ಬಣ್ಣ ಸಿಗಲಿಲ್ಲ, ಆದರೆ ಆ ಕೀಟ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. 1830ರ ದಶಕದಲ್ಲಿ ಅದನ್ನೇ ಉದ್ದೇಶಪೂರ್ವಕವಾಗಿ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಕೀಟದಿಂದ ಕಳೆ ನಿಯಂತ್ರಿಸಿದ ಜಗತ್ತಿನ ಮೊದಲ ಉದಾಹರಣೆ ಎಂದು ಅದನ್ನು ಎಣಿಸುತ್ತಾರೆ. ಇನ್ನೊಂದು ಜಾತಿಯ ಪಾಪಾಸುಕಳ್ಳಿ ಬಗ್ಗದೆ ಉಳಿಯಿತು, ಅದಕ್ಕಾಗಿ 1926ರಲ್ಲಿ ಶ್ರೀಲಂಕಾದಿಂದ ಬೇರೆಯೇ ಕೀಟ ಬರಬೇಕಾಯಿತು. ಎಲೆಯಂಚಿನಲ್ಲಿ ಮರಿ ಹೊರುವ ಕಲಾಂಚೊಗಳು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಈಗ ಇದೇ ತೊಂದರೆ ಕೊಡುತ್ತಿವೆ. ಮೇದ ದನಕರುಗಳು ವಿಷವೇರಿ ಸಾಯುತ್ತವೆ. ಬೇಡದ ಮರಿಗಳನ್ನು ಬಿಸಿಲಿನಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಟ್ಟು ಪೂರ್ತಿ ಕೊಳೆಯಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕುವುದು ಸರಿ.

ದೂರದವರಿಗೆ ಕಳಿಸುವುದಾದರೆ ಒಣಗಿಸಿದ ಮರಿಗಿಂತ ಅನುಕೂಲದ ಗಿಡ ಬೇರೆ ಇಲ್ಲ. ಮಣ್ಣೆಲ್ಲ ಉದುರಿಸಿ, ಹಳೆಯ ಪೇಪರಿನಲ್ಲಿ ಸಡಿಲವಾಗಿ ಸುತ್ತಿ, ತೂತಿರುವ ರಟ್ಟಿನ ಡಬ್ಬಿಯಲ್ಲಿಟ್ಟರೆ ಬೆಳಗಾವಿಗೂ ದೆಹಲಿಗೂ ಒಂದು ವಾರದಲ್ಲಿ ಹಾಯಾಗಿ ತಲುಪುತ್ತದೆ. ಪ್ಲಾಸ್ಟಿಕ್ ಕವರು ಬೇಡ, ಒಳಗೆ ಬೆವರುತ್ತದೆ. ಡಬ್ಬಿಯಲ್ಲಿ ಒಂದು ಚೀಟಿಯಿರಲಿ: ಗಿಡದ ಹೆಸರು, ಬಿಡಿಸಿದ ತಾರೀಕು, ನೆಟ್ಟ ಮೇಲೆ ಒಂದು ವಾರ ನೀರು ಬೇಡ ಎಂಬ ಸೂಚನೆ. ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಮಗಳ ಮನೆಗೆ ಹೊರಟವರು ಮಾತ್ರ ಸೀರೆಯ ಮಡಿಕೆಯಲ್ಲಿ ಮರಿಯಿಟ್ಟುಕೊಂಡು ಹೋಗಬಾರದು. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಗಿಡ ಒಯ್ಯುವುದು ಅಲ್ಲಿನ ಕಾನೂನಿಗೆ ವಿರುದ್ಧ, ಬೇರಿನಲ್ಲಿ ಅಡಗಿದ ಒಂದು ಹಿಟ್ಟು ತಿಗಣೆ ಅಲ್ಲಿನ ತೋಟಗಳಿಗೆ ಹಾನಿ ಮಾಡೀತು. ಬಿಡಿಸುವ ಕೆಲಸವನ್ನು ಮಗಳಿಗೆ ಕಲಿಸಿಬಂದರೆ ಸಾಕು. ಲೋಳೆಸರ ಬೆಳೆಸುವ ಮನೆ ಅಲ್ಲಿಯೂ ಹತ್ತಿರದಲ್ಲೇ ಒಂದಿರುತ್ತದೆ, ಮರಿ ಬಂದಿದ್ದರೆ ಕೊಡಿ ಎಂದು ಅವಳೇ ಹೋಗಿ ಕೇಳಲಿ.